ಎಂಜಿನ್ ಇಲ್ಲದ ಮನೆಯನ್ನು ಎಳೆದದ್ದು

ಇಲ್ಲಿ ನಾವು ಮನೆ ಬದಲಿಸಿದ್ದೆಂದರೆ ಮನೆಗೇ ಹಗ್ಗ ಕಟ್ಟಿ ಎಳೆದುಕೊಂಡು ಹೋದದ್ದು. ಸ್ಯಾನ್ ಡಿಯಾಗೋದ ಒಂದು ದೋಣಿ ನಿಲ್ದಾಣದಲ್ಲಿ ನಾನೂ ನನ್ನ ಗಂಡ ಸಮೀರನೂ ಹಳೆಯ ದೋಣಿಯೊಂದರಲ್ಲಿ ವಾಸವಾಗಿದ್ದೇವೆ. ಅದಕ್ಕೆ ಎಂಜಿನ್ ಇಲ್ಲ. ನನಗೆ ಈಜು ಬರುವುದಿಲ್ಲ. ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆಯ ಸುತ್ತ ವಾಕಿಂಗ್ ಹೋದದ್ದೇ ನನ್ನ ಜಲಯಾನದ ಅನುಭವ.

ಇದೇ ಕ್ಯಾಲಿಫೋರ್ನಿಯಾದ ಪೊಮೊನಾದಲ್ಲಿ ಓದು ಮುಗಿಸಿ, ಕೋವಿಡ್ ಇಳಿಯುವ ಹೊತ್ತಿಗೆ ಇಲ್ಲಿ ಕೆಲಸಕ್ಕೆ ಸೇರಿದೆ. ಅಪಾರ್ಟ್‌ಮೆಂಟಿನ ಬಾಡಿಗೆ ಕೇಳಿ ತಲೆ ತಿರುಗಿತು, ಕೆಟ್ಟುನಿಂತ ದೋಣಿ ಸೋವಿಯಲ್ಲಿ ಸಿಕ್ಕಿತು. ಊರಿನಲ್ಲಿ ಇದನ್ನು ಕೇಳಿದವರು ಬಾಯಿ ಬಿಟ್ಟುಕೊಂಡು ಕೂರುತ್ತಾರೆ. ಕೂರಲಿ. ಬಿರಿಯಾನಿ ಮಾಡಿದರೆ ವಾರವಿಡೀ ದಿಂಬಿಗೆ ಅದರದೇ ವಾಸನೆ ಎಂದು ಅವರಿಗೆ ಯಾರು ಹೇಳಬೇಕು?

ಮೈಸೂರಿನ ನಮ್ಮ ಮಂಡಿ ಮೊಹಲ್ಲಾದಲ್ಲಿ ಬೀರು ಜರುಗಿಸುವ ಸದ್ದಾದರೆ ಪಕ್ಕದ ಮನೆಯವರು ಕರೆಯದೆಯೇ ಬರುತ್ತಿದ್ದರು. ಇಲ್ಲಿನ ನೆರೆಯವರು ಯಾಟ್ ಎಂಬ ಬಿಳಿ ಐಷಾರಾಮಿ ದೋಣಿಗಳ ಮಾಲೀಕರು. ವರ್ಷಗಟ್ಟಲೆ ಕಟ್ಟಿದಲ್ಲೇ ನಿಂತ ದೋಣಿಯ ಮೇಲೆ ಕ್ಯಾಪ್ಟನ್ ಟೋಪಿ ಹಾಕಿಕೊಂಡು, ಕೈಯಲ್ಲಿ ಗ್ಲಾಸು ಹಿಡಿದು, ನಾವು ಒಣಹಾಕಿದ ಬಟ್ಟೆಗಳನ್ನು ನೋಡಿ ಮೂಗು ಮುರಿಯುವ ಜನ.

ಅವರ ದೂರಿನ ಮೇಲೆಯೇ ಇರಬೇಕು, ನಿಲ್ದಾಣದ ಹೊಸ ಮ್ಯಾನೇಜರ್ ಒಂದು ಶರತ್ತು ಹಾಕಿದ. ನಮ್ಮ ದೋಣಿಯನ್ನು ನಾವೇ ಕೊನೆಯ ಸಾಲಿನ ಸ್ಲಿಪ್ಪಿಗೆ, ಅಂದರೆ ಒಂದು ದೋಣಿ ನಿಲ್ಲುವಷ್ಟು ಜಾಗಕ್ಕೆ, ಯಾರಿಗೂ ತಾಗಿಸದೆ ಒಯ್ದರೆ ಇರಬಹುದು. ಇಲ್ಲದಿದ್ದರೆ ಜಾಗ ಖಾಲಿ ಮಾಡಬೇಕು. ನಮಗೆ ಬೇರೆ ಮನೆಯಿರಲಿಲ್ಲ.

ಶನಿವಾರ ಸಹಾಯಕ್ಕೆಂದು ಕಾರ್ಮೆಲ್ ವ್ಯಾಲಿ ಬಡಾವಣೆಯಿಂದ ಶ್ರೀಧರ ಅಂಕಲ್ ಬಂದರು. ಯುಗಾದಿ ಊಟದಲ್ಲಿ ಪರಿಚಯವಾದವರು. "ನೀವುಗಳು ಕೂಡ ಎಷ್ಟ್ ಚೆನ್ನಾಗ್ ಕನ್ನಡ ಮಾತಾಡ್ತೀರಮ್ಮಾ" ಎಂದು ಅವತ್ತು ನನಗೆ ಸರ್ಟಿಫಿಕೇಟ್ ಕೊಟ್ಟಿದ್ದರು. ಮೈಸೂರಿನಲ್ಲಿ ಹುಟ್ಟಿದವಳು ಇನ್ನಾವ ಭಾಷೆಗೆ ಹೋಗಬೇಕಿತ್ತೋ!

ಸಮೀರ ದೋಣಿಯಲ್ಲಿ ಚುಕ್ಕಾಣಿ ಹಿಡಿದ. ನಾನೂ ಅಂಕಲ್ಲೂ ಕಟ್ಟೆಯ ಮೇಲೆ ಹಗ್ಗ ಹಿಡಿದೆವು. ದೋಣಿಯನ್ನು ಜಗ್ಗಬಾರದು. ಹಗ್ಗಕ್ಕೆ ಮೈಭಾರ ಕೊಟ್ಟು ಸುಮ್ಮನೆ ಕಾಯಬೇಕು. ಆಮೇಲೆ ಅದು ತಾನಾಗಿ ಹೊರಡುತ್ತದೆ. ಹೊರಟದ್ದಕ್ಕೆ ಬ್ರೇಕ್ ಇರುವುದಿಲ್ಲ.

"ಏನಮ್ಮಾ ಶಬಾನಾ, ಇದು ಅಲ್ಲಾಡ್ತಾನೇ ಇಲ್ವಲ್ಲ. ಒಂದ್ಸಲ ದಮ್ ಹಾಕಿ ಎಳ್ದ್ಬಿಡೋಣ. ಬೆಂಗಳೂರಲ್ಲಿ ಎಷ್ಟ್ ಕಾರ್ ತಳ್ಳಿ ಸ್ಟಾರ್ಟ್ ಮಾಡಿಸಿದೀನಿ ಗೊತ್ತಾ?"

"ಇದರಲ್ಲಿ ಸ್ಟಾರ್ಟ್ ಆಗೋಕೆ ಏನೂ ಇಲ್ಲ ಅಂಕಲ್. ನಿಧಾನ."

ಕೇಳಬೇಕಲ್ಲ! "ಐಸಾ!" ಎಂದು ಕೂಗಿ, ಹಿಮ್ಮಡಿ ಊರಿ ಎಳೆದೇಬಿಟ್ಟರು. ಸ್ಟಾರ್ಟ್ ಆದ ಕಾರನ್ನು ಬಿಟ್ಟು ನಿಲ್ಲುವ ಹಾಗೆ, ಹಗ್ಗ ಬಿಟ್ಟು ಸೊಂಟದ ಮೇಲೆ ಕೈಯಿಟ್ಟು ಖುಷಿಯಿಂದ ನಿಂತರು. ದೋಣಿ ನೇರವಾಗಿ ಎದುರಿನ ಬಿಳಿ ಯಾಟ್‌ನತ್ತ ನುಗ್ಗಿತು. ಸಮೀರ ಚುಕ್ಕಾಣಿ ತಿರುಗಿಸಿ ಕಿರುಚುತ್ತಿದ್ದ. ನಾನು ಓಡಿ, ಕಟ್ಟೆಯ ಕಬ್ಬಿಣದ ಗೂಟಕ್ಕೆ ಹಗ್ಗ ಸುತ್ತಿ ಹಿಡಿದೆ. ಹಗ್ಗ ಅಂಗೈ ಸುಲಿದುಕೊಂಡು ಓಡಿತು. ಆ ಯಾಟ್‌ಗೆ ಗೇಣು ದೂರದಲ್ಲಿ ನಮ್ಮ ಮನೆ ನರಳಿ ನಿಂತಿತು. ಯಾಟ್‌ನವನು ಗ್ಲಾಸು ಕೆಳಗಿಡದೆಯೇ "ಕೇರ್‌ಫುಲ್" ಎಂದ. ಎದ್ದು ಬಂದು ಕೈ ಜೋಡಿಸಲಿಲ್ಲ.

ಉಳಿದ ದಾರಿಯುದ್ದಕ್ಕೂ ನಾನೊಬ್ಬಳೇ ಎಳೆದೆ. ಅಂಕಲ್‌ಗೆ ವಿಡಿಯೋ ತೆಗೆಯುವ ಕೆಲಸ ಕೊಟ್ಟೆ, ಅದಕ್ಕೆ ಲಾಯಕ್ಕಾದ ಮನುಷ್ಯ. ಕೊನೆಯ ಸಾಲಿನಲ್ಲಿ ಹಗ್ಗ ಬಿಗಿಯುವಾಗ ಮ್ಯಾನೇಜರ್ ಬಂದು, ಸರ್ಕಸ್ ನೋಡಿದವನ ಹಾಗೆ ಚಪ್ಪಾಳೆ ತಟ್ಟಿ, "ಓಕೆ, ಯೂ ಕ್ಯಾನ್ ಸ್ಟೇ" ಎಂದ. ಅತ್ತ ಅಂಕಲ್ ವಿಡಿಯೋ ಕಾಲ್ ಮಾಡಿ ಯಾರಿಗೋ ತೋರಿಸುತ್ತಿದ್ದರು: "ನೋಡ್ರೀ, ನಮ್ ಹುಡುಗಿ! ನಮ್ ಮೈಸೂರ್ ಹುಡುಗಿ!"

ಇವರಿಬ್ಬರನ್ನೂ ಕಂಡರೆ ನನಗಾಗದು. ಇರು ಎನ್ನಲು ಅವನಾರು, ನಮ್ಮವಳು ಎನ್ನಲು ಇವರಾರು? ಆದರೂ ಆ ಎರಡು ಮಾತು ಕೇಳಿ ನನ್ನ ಕಣ್ಣು ತುಂಬಿ ಬಂತು. ಅಂಗೈ ಉರಿಗೆ ಎಂದು ಸಮೀರನಿಗೆ ಸುಳ್ಳು ಹೇಳಿದೆ.