ಸೇತುವೆಯ ಮುಂದೆ ನಿಂತ ರೈಲು

ಹಿಟ್ಟು ನಾದುತ್ತಿದ್ದಾಗಲೇ ಎದೆ ಹಿಡಿದುಕೊಂಡು ಕೂತ ಬೇಕರಿಯಣ್ಣ ಮತ್ತೆ ಏಳಲಿಲ್ಲ. ಅವನು ಹೋದಮೇಲೆ ವಾಚನಾಲಯದ ಸಿನಿಮಾ ಕೂಟ ಸೇರಿದ್ದು ಇದೇ ಮೊದಲು. ಪ್ರೊಜೆಕ್ಟರ್ ಪಕ್ಕದ ಅವನ ಸ್ಟೂಲಿನ ಮೇಲೆ ಎದುರಂಗಡಿಯ ಗೆಳೆಯ ಟೈಲರ್ ಮುದುಡಿ ಕೂತಿದ್ದ.

"ನೋಡಿ ಎದ್ದು ಹೋಗೋದಾದ್ರೆ ಮನೇಲೇ ಟಿವಿ ಇದೆಯಲ್ಲ? ಇವತ್ತು ಚರ್ಚೆ ನಡೀದಿದ್ರೆ ಕೂಟ ಮುಚ್ಚಿಬಿಡೋಣ," ಎಂದು ವಾಚನಾಲಯದ ಕಾರ್ಯದರ್ಶಿಗಳು ಬಾಗಿಲಲ್ಲೇ ಹೇಳಿದ್ದರು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅರ್ಧ ಆಯುಷ್ಯ ಕಳೆದ ಟೈಲರ್‌ಗೆ ಮಾತು ಒಗ್ಗಿದ್ದೇ ಇಲ್ಲ. ನಾಲ್ಕು ಜನರನ್ನು ಮಾತಿಗೆಳೆಯುವುದು ಬೇಕರಿಯಣ್ಣನ ಕೆಲಸವಾಗಿತ್ತು.

ಕೂಟದ ಪದ್ಧತಿ ಹುಟ್ಟಿದ್ದೂ ಅವನ ಭಟ್ಟಿಯಿಂದಲೇ. ಹಿಂದೊಮ್ಮೆ ಯುದ್ಧಕಾಲದ ಇದೇ ಸಿನಿಮಾ ತೋರಿಸುವಾಗ, ಒಳಗಿಟ್ಟ ಬ್ರೆಡ್ ನೆನಪಾಗಿ, ಕೊನೆಗಿಂತ ತುಸು ಮುಂಚೆ ಎಲ್ಲ ನಿಲ್ಲಿಸಿ, ದೀಪ ಹಾಕಿ ಓಡಿದ್ದ. ಪರದೆಯ ಮೇಲೆ ಕಾವಲುಗಾರನ ಕೈ, ಒತ್ತಿದರೆ ಸೇತುವೆ ಉಡಾಯಿಸುವ ಸಿಡಿಮದ್ದಿನ ಹಿಡಿಕೆಯ ಮೇಲಿತ್ತು. ಸೇತುವೆಯತ್ತ ಬರುತ್ತಿದ್ದ ಶತ್ರುಗಳ ರೈಲಿನಲ್ಲಿ ಅವನ ತಮ್ಮನೇ ಸೆರೆಯಾಳು. ಬೇಕರಿಯಣ್ಣ ಮರಳಿ ಬಂದಾಗ ಸಭಾಂಗಣದಲ್ಲಿ ಒತ್ತಬೇಕೋ ಬೇಡವೋ ಎಂದು ಜಗಳವೋ ಜಗಳ.

"ಅಲ್ಲಿ ಸೀದು ಹೋಯ್ತು ಕಣಯ್ಯ, ಇಲ್ಲಿ ಚೆನ್ನಾಗಿ ಉಬ್ಬಿದೆ!" ಎಂದು ಟೈಲರ್‌ನ ಬೆನ್ನಿಗೆ ಗುದ್ದಿದ್ದ. ಅಂದಿನಿಂದ ಯಾವ ಸಿನಿಮಾ ಆದರೂ ಕೊನೆಗಿಂತ ಮುಂಚೆ ನಿಲ್ಲಬೇಕು. ವಾದ ಮುಗಿದಮೇಲೇ ಉಳಿದದ್ದು.

ಈಗ ಮತ್ತೆ ಅದೇ ರೈಲು. ಕಾವಲುಗಾರನ ಕೈ ಹಿಡಿಕೆಗೆ ಹೋಯಿತು. ಟೈಲರ್‌ನ ಕಣ್ಣು ಮಂಜಾಯಿತು, ನಿಲ್ಲಿಸಬೇಕೆಂಬುದೇ ಮರೆತುಹೋಯಿತು.

"ಟೈಲರಣ್ಣಾ, ನಿಲ್ಸಿ!" ಹಿಂದಿನ ಸಾಲಿನಿಂದ ನರ್ಸಮ್ಮ ಕೂಗಿದರು. "ನಾವಿನ್ನೂ ಬೈದಾಡೇ ಇಲ್ಲ!"

ಅಷ್ಟರಲ್ಲಿ ಯಾರೋ ಎದ್ದು ದೀಪ ಹಾಕಿದರು. ಟೈಲರ್ ತಡವರಿಸುತ್ತ ರೈಲು ನಿಲ್ಲಿಸಿದ. ಕೊನೆ ಎಲ್ಲರಿಗೂ ಬಾಯಿಪಾಠ. ಜಗಳ ಮಾತ್ರ ಹಳತಾಗಿರಲಿಲ್ಲ.

"ತಮ್ಮ ಅಂತ ಬಿಟ್ರೆ ಊರಿಗೆ ಊರೇ ಸಾಯಲ್ವಾ?" ಎಂದ ಆಟೋದವನು.

"ನಿನಗೆ ತಮ್ಮ ಇಲ್ಲ, ಅದಕ್ಕೇ ಈ ಶೌರ್ಯ," ಎಂದರು ನರ್ಸಮ್ಮ.

"ಬೇಕರಿಯಣ್ಣ ಇದ್ದಿದ್ರೆ ಒತ್ತು ಅಂತಿದ್ದ. ಏನಂತೀರಿ ಟೈಲರಣ್ಣ?" ಎಂದು ಆಟೋದವನು ಕೇಳಿದ.

ಎಲ್ಲರೂ ಹಿಂದಿರುಗಿ ನೋಡಿದರು. ಟೈಲರ್ ಸ್ಟೂಲಿನಿಂದ ಎದ್ದು ನಿಂತ.

"ಹೌದು, ಪ್ರತಿ ಸಲ ಹಾಗೇ ಅಂತಿದ್ದ. ನಾನು ಸುಮ್ನಿರ್ತಿದ್ದೆ." ಪರದೆಯತ್ತ ಕೈ ತೋರಿಸಿ ಹೇಳಿದ: "ನಾನಾದ್ರೆ ಒತ್ತಲ್ಲ."

ಸಭಾಂಗಣವೇ ಹೋ ಎಂದಿತು. ಬೀಗ ಹಿಡಿದು ಬಾಗಿಲಲ್ಲಿ ನಿಂತಿದ್ದ ಕಾರ್ಯದರ್ಶಿಗಳು ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಕುರ್ಚಿ ಎಳೆದುಕೊಂಡು ಕೂತರು.

"ಅದ್ಹೇಗ್ರೀ ಒತ್ತಲ್ಲ? ಹೇಳಿ ನೋಡೋಣ."