ಬೆನ್ನು ಹಗುರಾದ ಬೇಸಿಗೆ

ನನ್ನ ಹೆಂಡತಿಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದಾಗ ಅವಳಿಗೆ ನಲವತ್ತೊಂಬತ್ತು ವರ್ಷ. ಮಾತು ಉಳಿದಿತ್ತು. ಬುದ್ಧಿಯಂತೂ ಮೊದಲಿಗಿಂತ ಚುರುಕಾಗಿತ್ತು. ಬೈಲಹೊಂಗಲದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿಯಾಗಿದ್ದರಿಂದ ಅವಳನ್ನು ನೋಡಿಕೊಳ್ಳಲು ಬೇರೆ ಯಾರನ್ನೂ ಇಡಲಿಲ್ಲ. ನಾನು ಮಷೀನಿನ ಮುಂದೆ ಕೂತಿದ್ದರೆ ಒಳಗಿನಿಂದ "ಇಲ್ಲೆ ಬರ್ರಿ ಒಂದೀಟ" ಎಂದು ಕರೆಯುತ್ತಿದ್ದಳು. ಪೆಡಲ್ ಬಿಟ್ಟು ಎದ್ದು ಹೋಗುತ್ತಿದ್ದೆ.

ಎತ್ತುವುದಕ್ಕೆ ನಾವಿಬ್ಬರೂ ಒಂದು ಪದ್ಧತಿ ಮಾಡಿಕೊಂಡಿದ್ದೆವು. ಮೊದಲು ಅವಳನ್ನು ಮಂಚದ ಅಂಚಿಗೆ ಕೂರಿಸುತ್ತಿದ್ದೆ. ಆಮೇಲೆ ಎರಡೂ ತೋಳನ್ನು ಅವಳ ಕಂಕುಳಡಿ ತೂರಿಸಿ ಎಬ್ಬಿಸುತ್ತಿದ್ದೆ. ಅವಳು ಬಲಗೈಯನ್ನು ನನ್ನ ಕೊರಳಿಗೆ ಹಾಕುತ್ತಿದ್ದಳು. ಹಾಗೆ ತಬ್ಬಿಕೊಂಡೇ ಬಚ್ಚಲಿನವರೆಗೆ ಎಂಟು ಹೆಜ್ಜೆ. ದಿನಕ್ಕೆ ಆರೇಳು ಸಲ. ಮಲಗಿದಲ್ಲೇ ಮೂತ್ರಕ್ಕೆ ಇಡುವ ಪಾತ್ರೆಯೊಂದನ್ನು ತಂದಿದ್ದೆ. ಅದನ್ನು ಕಂಡು ಅವಳು ಮುಖ ತಿರುಗಿಸಿದಳು.

"ಅದನ್ನ ಅತ್ಲಾಗ ಇಡ್ರಿ. ನಾ ಇನ್ನೂ ಸತ್ತಿಲ್ಲ."

ವರ್ಷ ತುಂಬುವಷ್ಟರಲ್ಲಿ ನನ್ನ ಬೆನ್ನು ಹಿಡಿಯಿತು. ಬಲ ಹೆಗಲ ಕೆಳಗಿನಿಂದ ಸೊಂಟದವರೆಗೆ ಮಾಂಸವೆಲ್ಲ ಗಟ್ಟಿಯಾಗಿ, ಬಟ್ಟೆ ಕತ್ತರಿಸಲು ಬಾಗಿದವನು ಮತ್ತೆ ನೆಟ್ಟಗಾಗಲು ಮೇಜು ಹಿಡಿಯಬೇಕಾಗುತ್ತಿತ್ತು. ಊರಿನ ಡಾಕ್ಟರರು ಎಕ್ಸ್‌ರೇ ಫೋಟೋ ತೆಗೆಸಿ ನೋಡಿದರು. ಎಲುಬಿಗೆ ಏನೂ ಆಗಿಲ್ಲ, ಸ್ನಾಯು ಬಿಗಿದಿದೆ ಎಂದರು. ಗುಳಿಗೆ, ಹಚ್ಚುವ ಮುಲಾಮು ಬರೆದುಕೊಟ್ಟು, "ಭಾರ ಮಾತ್ರ ಎತ್ತಬ್ಯಾಡ್ರಿ" ಎಂದರು. ಆಗಲಿ ಎಂದು ಬಂದೆ. ಬಂದ ಅರ್ಧ ಗಂಟೆಗೆ ಅವಳು ಕರೆದಳು, ಎತ್ತಿದೆ.

ಸವದತ್ತಿಯಲ್ಲಿ ಗರಡಿ ಮನೆಯ ವಸ್ತಾದರೊಬ್ಬರು ಮಾಲೀಸು ಮಾಡುತ್ತಾರೆಂದು ಗಿರಾಕಿಯೊಬ್ಬ ಹೇಳಿದ. ಕುಸ್ತಿ ಕಲಿಸುವುದು ಅವರ ಕಸುಬು. ಉಳುಕು, ಹಿಡಿತಕ್ಕೆ ತಿಕ್ಕುವುದೂ ಅವರಿಗೆ ಗೊತ್ತು. ಪಕ್ಕದ ಮನೆಯ ಹೆಣ್ಣುಮಗಳನ್ನು ಹೆಂಡತಿಯ ಹತ್ತಿರ ಕೂರಿಸಿ ಸೋಮವಾರ ಮುಂಜಾನೆಯ ಬಸ್ಸಿಗೆ ಹೋದೆ. ಅವರು ನನ್ನನ್ನು ಚಾಪೆಯ ಮೇಲೆ ಬೋರಲು ಮಲಗಿಸಿ, ಕುಸುಬಿ ಎಣ್ಣೆ ಬೆಚ್ಚಗೆ ಮಾಡಿ ಸುರಿದು, ಮೊಣಕೈ ಊರಿ ಬೆನ್ನುದ್ದಕ್ಕೂ ಎಳೆದರು. ಹಲ್ಲು ಕಚ್ಚಿ ಹಿಡಿದೆ.

"ಟೇಲರ್ರ, ಇದೇನ್ರಿ ಇದು? ಕಟಗಿ ಆಗೇತಲ್ಲ! ಏನು ಹೊರತೀರಿ ನೀವು?"

ಹೇಳಿದೆ. ಅವರು ಇನ್ನಷ್ಟು ಎಣ್ಣೆ ಸುರಿದುಕೊಂಡರು. ಮತ್ತೆ ತಿಕ್ಕತೊಡಗಿದರು.

ಆಮೇಲೆ ಪ್ರತಿ ಸೋಮವಾರ ಹೋಗತೊಡಗಿದೆ. ಅಲ್ಲಿಂದ ಹೊರಬರುವಾಗ ಬೆನ್ನು ಬಿಸಿಯಾಗಿ, ಸಡಿಲಾಗಿ, ನನ್ನದಲ್ಲವೆನ್ನುವಂತಿರುತ್ತಿತ್ತು. ಬೈಲಹೊಂಗಲದಲ್ಲಿ ಬಸ್ಸು ಇಳಿಯುವವರೆಗೂ ಆ ಸುಖ ಇರುತ್ತಿತ್ತು. ರಾತ್ರಿ ಊಟದ ಹೊತ್ತಿಗೆ ಮತ್ತೆ ಅದೇ ಬಿಗಿತ. ಎಂಟೊಂಬತ್ತು ಸೋಮವಾರ ಹೋದ ಮೇಲೆ ವಸ್ತಾದರೇ ಹೇಳಿದರು. "ನಾ ಇಲ್ಲಿ ಬಿಚ್ಚತೇನಿ, ನೀವು ಮನಿಗೆ ಹೋಗಿ ಮತ್ತ ಗಂಟ ಹಾಕ್ಕೊಂಡು ಬರತೀರಿ. ಇದು ಮುಗಿಯೂದಲ್ರಿ." ನಾನು ಸವದತ್ತಿಗೆ ಹೋಗುವುದನ್ನು ಬಿಟ್ಟೆ.

ಹೋದ ಬೇಸಿಗೆಯಲ್ಲಿ ರಾಮದುರ್ಗದಿಂದ ಮಗಳು ಬಂದಳು. ನಮಗೆ ಒಬ್ಬಳೇ ಮಗಳು, ಅಲ್ಲಿಗೇ ಕೊಟ್ಟದ್ದು. ನಾನು ಗೋಡೆ ಹಿಡಿದು ಏಳುವುದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. ಕಿತ್ತೂರಿನ ಹತ್ತಿರ ಹೆದ್ದಾರಿಯ ಪಕ್ಕದ ಹೊಸ ಹೋಟೆಲಿನಲ್ಲಿ ಸ್ಪಾ ಇದೆಯೆಂದು ಫೋನಿನಲ್ಲೇ ಹೊತ್ತು ಗೊತ್ತು ಮಾಡಿಬಿಟ್ಟಳು. ನನಗೆ ನಾಚಿಕೆಯಾಯಿತು. ದುಡ್ಡಿದ್ದವರು ಹೋಗುವ ಜಾಗ, ನನಗೇಕೆ ಎಂದೆ.

"ಹೋಗಿ ಬರ್ರಿ" ಎಂದದ್ದು ಮಂಚದ ಮೇಲಿದ್ದ ಹೆಂಡತಿ. "ನನ್ನ ಸಲುವಾಗಿ ಹೋಗಿ ಬರ್ರಿ. ಅಕಿ ಅದಾಳಲ್ಲ, ನನ್ನ ನೋಡ್ಕೋತಾಳ."

ಅಲ್ಲಿ ಮಾಲೀಸು ಮಾಡುವವರು ಕೇರಳದ ಕಡೆಯವರು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಮೊದಲು ಹಬೆ ತುಂಬಿದ ಸಣ್ಣ ಕೋಣೆಯಲ್ಲಿ ಕೂರಿಸಿದರು. ಮೈ ನೀರಾದ ಮೇಲೆ ಎತ್ತರದ ಹಲಗೆಯ ಮೇಲೆ ಮಲಗಿಸಿ ಎಣ್ಣೆ ಹಚ್ಚಿದರು. ವಸ್ತಾದರ ಹಾಗೆ ಅವರು ಒತ್ತಲಿಲ್ಲ. ನಿಧಾನವಾಗಿ ಒಂದೇ ಜಾಗದಲ್ಲಿ ಅಂಗೈ ಇಟ್ಟು ಕಾಯುತ್ತಿದ್ದರು. ತಮಗೆ ಬರುವಷ್ಟು ಕನ್ನಡದಲ್ಲಿ, "ಉಸಿರು ಹಿಡಿಬೇಡಿ. ಬಿಡಿ, ಬಿಡಿ" ಎಂದರು. ನಾನು ಉಸಿರು ಹಿಡಿದಿದ್ದೇನೆಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಬಿಟ್ಟೆ. ನಿದ್ದೆ ಬಂತು. ಎಷ್ಟೋ ದಿನದ ಮೇಲೆ, ಒಳಗಿನಿಂದ ಯಾರಾದರೂ ಕರೆದಾರೆಂಬ ಎಚ್ಚರವಿಲ್ಲದ ನಿದ್ದೆ.

ಮಗಳು ಅವತ್ತೇ ನಿರ್ಧರಿಸಿದಳು, ವಾರಕ್ಕೊಮ್ಮೆ ಹೋಗಲೇಬೇಕೆಂದು. ಹದಿನೈದು ದಿನ ಇದ್ದು, ಮಕ್ಕಳ ಸಾಲಿ ತೆರೆಯುವುದಿದೆಯೆಂದು ರಾಮದುರ್ಗಕ್ಕೆ ಹೋದಳು. ಪಕ್ಕದ ಮನೆಯ ಹೆಣ್ಣುಮಗಳನ್ನು ಹೆಂಡತಿಯ ಹತ್ತಿರ ಬಿಟ್ಟು ನಾನು ಹೋಗುತ್ತಲೇ ಇದ್ದೆ. ಈ ಸಲ ನಿಜವಾಗಿಯೂ ಗುಣ ಕಾಣತೊಡಗಿತು. ಮನೆಗೆ ಬಂದ ಮೇಲೂ ಬೆನ್ನು ಮೆತ್ತಗಿರುತ್ತಿತ್ತು. ಮರುದಿನವೂ ಹಾಗೇ. ತಿಂಗಳು ಕಳೆಯುವಷ್ಟರಲ್ಲಿ ಮೇಜು ಹಿಡಿಯದೆ ಏಳತೊಡಗಿದೆ. ಗಿರಾಕಿಗಳ ಮುಂದೆಲ್ಲ ಕಿತ್ತೂರಿನ ಆ ಕೈಯ ಗುಣ ಹೊಗಳಿದೆ. ಹೆಂಡತಿಗೂ ಹೇಳಿದೆ. "ನೋಡು, ಈಗ ನಿನ್ನ ಎತ್ತಿದರ ಹೂವು ಎತ್ತಿದಂಗ ಆಗತೈತಿ."

"ಹೌದಲ್ಲ? ಚಲೋ ಆತು ಬಿಡ್ರಿ" ಎಂದು ಅವಳು ನಕ್ಕಳು.

ಆ ದಿನಗಳಲ್ಲಿ ಅವಳು ನನ್ನನ್ನು ಕರೆಯುತ್ತಿದ್ದದ್ದು ದಿನಕ್ಕೆ ಮೂರೇ ಸಲ. ಆಮೇಲೆ ಎರಡು ಸಲ. ನನ್ನ ಗಮನಕ್ಕೆ ಅದು ಬರಲಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಬಂದಿತ್ತು. ಕುಡಿದದ್ದೆಲ್ಲ ಸೆಕೆಗೆ ಬೆವರಾಗಿ ಹೋಗುತ್ತದೆ ಎಂದುಕೊಂಡೆ. ಒಳಗೊಳಗೇ ಸಮಾಧಾನವೂ ಆಗಿತ್ತು. ಶಾಲೆಯ ಯೂನಿಫಾರ್ಮ್ ಹೊಲಿಯುವ ಗಡಿಬಿಡಿ, ಮೇಲಿಂದ ಮೇಲೆ ಏಳುವುದು ತಪ್ಪಿತಲ್ಲ ಎಂದು.

ಒಂದು ಬೆಳಿಗ್ಗೆ ಅವಳ ಮೈ ಕೆಂಡದಂತೆ ಸುಡುತ್ತಿತ್ತು. ಮಾತು ತೊದಲುತ್ತಿತ್ತು. ಆಸ್ಪತ್ರೆಗೆ ಸೇರಿಸಿದೆ. ಮೂತ್ರದಲ್ಲಿ ಸೋಂಕಾಗಿ ರಕ್ತಕ್ಕೆ ಹೋಗಿದೆ ಎಂದರು ಅಲ್ಲಿನ ಡಾಕ್ಟರಮ್ಮ. "ದಿನಾ ಎಷ್ಟು ನೀರು ಕುಡಿತಿದ್ರು?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ದಿನವೂ ಮುಂಜಾನೆ ತಂಬಿಗೆ ತುಂಬಿ ಅವಳ ಬಲಗೈಗೆ ಸಿಗುವಂತೆ ಇಡುವವನು ನಾನು. ಮರುದಿನ ಅದನ್ನು ಗಿಡಕ್ಕೆ ಚೆಲ್ಲಿ ಮತ್ತೆ ತುಂಬುವವನೂ ನಾನು. ಚೆಲ್ಲುವಾಗ ಅದು ಎಷ್ಟು ಭಾರವಿರುತ್ತಿತ್ತೆಂದು ಆಸ್ಪತ್ರೆಯ ಆ ಬೆಂಚಿನ ಮೇಲೆ ಕೂತು ನೆನಪಿಸಿಕೊಂಡೆ.

ಎರಡನೆಯ ದಿನ ಸಂಜೆ ಅವಳಿಗೆ ಸ್ವಲ್ಪ ತಿಳಿವು ಬಂತು. ರಾಮದುರ್ಗದಿಂದ ಓಡಿಬಂದ ಮಗಳು ಆಚೆ ಔಷಧಿ ತರಲು ಹೋಗಿದ್ದಳು. ನಾನು ಹೆಂಡತಿಯ ಕೈ ಹಿಡಿದು ಕೇಳಿದೆ.

"ನೀರು ಯಾಕ ಕುಡಿಲಿಲ್ಲ ನೀ?"

ನಾಲಗೆಯಿಂದ ತುಟಿ ಸವರಿಕೊಂಡಳು. ತುಟಿ ಒಡೆದಿತ್ತು.

"ನನ್ನ ಎತ್ತುವಾಗ ನೀವು 'ಯವ್ವಾ' ಅಂತಿದ್ರಿ. ಪ್ರತಿ ಸಲ ಅಂತಿದ್ರಿ. ನಿಮಗ ಗೊತ್ತಿರಲಿಲ್ಲ ಅದು. ನನ್ನ ಕಿವಿ ಹತ್ರಾನ ಅಂತಿದ್ರಿ."

ನನ್ನ ಬಾಯಿಂದ ಅಂಥ ಸದ್ದು ಬರುತ್ತಿತ್ತೆಂದು ಮೂರು ವರ್ಷದಲ್ಲಿ ನನಗೆ ಒಮ್ಮೆಯೂ ಕೇಳಿಸಿರಲಿಲ್ಲ.

"ಈಗ ಅನ್ನಂಗಿಲ್ಲ" ಎಂದಳು. "ಕಿತ್ತೂರಿಗೆ ಹೋಗಿದ್ದು ಚಲೋ ಆತು."

ಆರನೆಯ ದಿನ ತೀರಿಕೊಂಡಳು. ಆಸ್ಪತ್ರೆಯಿಂದ ತಂದಾಗ ಗಾಡಿಯಿಂದ ಇಳಿಸಲು ನಾಲ್ಕು ಜನ ಮುಂದೆ ಬಂದರು. ನಾನು ಎತ್ತುತ್ತೇನೆ ಎಂದೆ. ಯಾರೂ ಬಿಡಲಿಲ್ಲ. ನಿಮ್ಮ ಬೆನ್ನು ಸರಿಯಿಲ್ಲವೆಂದರು.

ಅದಾಗಿ ಎಂಟು ತಿಂಗಳು. ಕಿತ್ತೂರಿಗೆ ಮತ್ತೆ ಹೋಗಿಲ್ಲ. ಹೋಗುವ ಕಾರಣವೂ ಇಲ್ಲ, ಬೆನ್ನು ಪೂರ್ತಿ ವಾಸಿಯಾಗಿದೆ. ಗುಳಿಗೆಯಿಲ್ಲ, ಎಣ್ಣೆಯಿಲ್ಲ, ಉಳಿದಿದ್ದ ಬಿಗಿತವೂ ಎರಡು ತಿಂಗಳಲ್ಲಿ ತಾನಾಗಿ ಸಡಿಲಾಯಿತು. ಕತ್ತರಿ ಹಿಡಿದು ಬಾಗುತ್ತೇನೆ, ಏಳುತ್ತೇನೆ, ಏನೂ ಆಗುವುದಿಲ್ಲ. ಅದು ನೋಯಲಿ ಎಂದು ಒಮ್ಮೆ ಹಿಂದಿನ ಕೋಣೆಯ ಜೋಳದ ಚೀಲ ಎತ್ತಿ ನೋಡಿದೆ. ಎರಡು ದಿನ ನೋಯಿತು, ಹೋಯಿತು.

ಮಗಳು ರಾಮದುರ್ಗದಿಂದ ದಿನಾ ಫೋನು ಮಾಡುತ್ತಾಳೆ. ನೀರಿನ ವಿಷಯ ನಾನು ಅವಳಿಗೆ ಹೇಳಿಲ್ಲ. ಕಿತ್ತೂರಿಗೆ ನನ್ನನ್ನು ಕಳಿಸಿದವಳು ಅವಳು, ಅಲ್ಲಿಯ ಮಾಲೀಸಿನಿಂದಲೇ ನನಗೆ ಗುಣ ಕಂಡಿತೆಂದು ನಂಬಿದವಳು. ಹೇಗೆ ಹೇಳಲಿ?

"ಬೆನ್ನ ಹೆಂಗೈತಿ ಅಪ್ಪಾ?" ಎಂದು ನಿನ್ನೆಯೂ ಕೇಳಿದಳು.

"ನೋಯತೈತವ್ವಾ" ಎಂದೆ.