ಬಿಳಿ ಸೀರೆಯ ಬೇಸಿಗೆ

ನಮ್ಮೂರಿನಿಂದ ಯಾರಾದರೂ ನಂಜನಗೂಡಿನ ಸಂತೆಗೆ ಹೊರಟರೂ ಹತ್ತು ಮನೆಯವರು ಬುದ್ಧಿ ಹೇಳಿ ಕಳಿಸುತ್ತಿದ್ದ ಕಾಲ ಅದು. ಅಂಥದ್ದರಲ್ಲಿ ನಮ್ಮಜ್ಜಿ ಶ್ರೀಲಂಕಾಕ್ಕೆ ಹೊರಟಳು ಅಂದರೆ ಕೇಳಬೇಕೆ?

ಊರು ಬಿಳಿಗೆರೆಯ ಮಗ್ಗುಲಿನದು. ನಾನಾಗ ಐದನೇ ಕ್ಲಾಸು ಮುಗಿಸಿದ್ದೆ, ಆರನೆಯದಿರಲೂಬಹುದು. ಇಂಥ ಕಡೆ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ನಮ್ಮ ಮನೆ ಬುದ್ಧನ ಕಡೆ ತಿರುಗಿ ಕೆಲವು ವರ್ಷಗಳಾಗಿದ್ದವು. ಆ ಬೇಸಿಗೆ ನರಸೀಪುರದಿಂದ ಒಂದು ತಂಡ ಶ್ರೀಲಂಕಾದ ಹಳೆಯ ಬೋಧಿವೃಕ್ಷ ನೋಡಲು ಹೊರಟಿತ್ತು.

"ಬುದ್ಧ ಕೂತಿದ್ದ ಮರದ ಕೊಂಬೇನೇ ಅಂತೆ ಕಣವ್ವ. ಅದ್ರ ನೆಳ್ಳಲ್ಲಿ ಒಂದ್ ಗಳ್ಗೆ ಕೂತ್ಕೊಂಡ್ ಬಂದ್ಬುಟ್ರೆ ಸಾಕು" ಅನ್ನುತ್ತಿದ್ದಳು ಅಜ್ಜಿ. ಅವಳು ಬೇರೇನನ್ನೂ ಹೀಗೆ ಬಾಯಿಬಿಟ್ಟು ಬಯಸಿದ್ದು ನಾನು ಕಂಡಿಲ್ಲ.

ಬುದ್ಧಿ ಹೇಳುವ ಮುಖ್ಯಸ್ಥರು ಶಿವಣ್ಣ ಮಾವ, ಅಜ್ಜಿಯ ಅಳಿಯ. ನರಸೀಪುರದಲ್ಲಿ ನೌಕರಿ. ಮನೆಯಲ್ಲಿ ಸಮುದ್ರ ದಾಟಿ ಶ್ರೀಲಂಕಾಕ್ಕೆ ಹೋಗಿಬಂದವರು ಅವರೊಬ್ಬರೇ, ಅದೂ ಒಂದೇ ಸಲ. ಭಾನುವಾರದ ಬಸ್ಸಿಗೆ ಬಂದು ಜಗುಲಿಯ ಮೇಲೆ ಕೂತರೆ ಮೇಷ್ಟ್ರ ಥರ ಶುರು ಮಾಡುತ್ತಿದ್ದರು. ಬಾಯಾರದಿದ್ದರೂ ಆಗಾಗ ನೀರು ಕುಡೀಬೇಕು. ಬೀದೀಲಿ ಹೆಚ್ಚಿಟ್ಟ ಹಣ್ಣು ಮುಟ್ಟಬಾರದು, ಎಳನೀರು ಕುಡೀಬಹುದು. ಭುಜ ಕಾಣಬಾರದು. ಬುದ್ಧನಿಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳಬಾರದು. ಚಪ್ಪಲಿ ಆಚೆ ಬಿಡಬೇಕು, ಕಲ್ಲು ಕೆಂಡದ ಹಾಗಿರುತ್ತೆ, ಅದಕ್ಕೆ ಕಾಲುಚೀಲ ಇಟ್ಕೊಳ್ಳಿ.

"ಬಿಸ್ಲೇನು ನಮ್ಗೆ ಒಸದಾ?" ಅಂತ ಅಜ್ಜಿ ನಗುತ್ತಿದ್ದಳು. ಆದರೂ ಮಧ್ಯಾಹ್ನ ನನ್ನ ಸ್ಕೂಲಿನ ಕಾಲುಚೀಲ ಹಾಕಿಕೊಂಡು, ಅಂಗಳದ ಚಪ್ಪಡಿಯ ಮೇಲೆ ನಡೆದು ನೋಡುತ್ತಿದ್ದಳು. ನಾವು ಹುಡುಗರು ಕುಂಟೆಬಿಲ್ಲೆ ಬಿಟ್ಟು ವಿಮಾನದಾಟ ಆಡುತ್ತಿದ್ದೆವು. ಅಡುಗೆಮನೆಯಲ್ಲಿ ರಾಗಿ ಅರಳಾಗುವ ಘಮ. ಪ್ರಯಾಣಕ್ಕೆ ಅಂತ ಮಾಡಿದ ಹುರಿಹಿಟ್ಟನ್ನು ಪ್ರಯಾಣಕ್ಕೆ ಮೊದಲೇ ನಾವು ಬೆಲ್ಲ ಕಲಸಿ ಮುಕ್ಕಾಲು ಮುಗಿಸಿದ್ದೆವು.

ತಾತನಿಗೆ ಖುಷಿಯೋ ಖುಷಿ. ಅಜ್ಜಿ ಎಲ್ಲಿಗೆ ಹೋಗಿ ಬಂದರೂ ಅವನ ಮುಂದೆ ಕೂತು ಬಸ್ಸಿನ ಜಗಳದಿಂದ ಹಿಡಿದು ಸೊಪ್ಪಿನವಳ ಮೂಗುಬೊಟ್ಟಿನವರೆಗೆ ಒಪ್ಪಿಸಬೇಕು. ಊರು ಬಿಟ್ಟು ಕದಲದ ತಾತ ಪ್ರಪಂಚ ನೋಡುತ್ತಿದ್ದದ್ದೇ ಹಾಗೆ.

ಒಂದು ಭಾನುವಾರ ಮಾವ ಕವರಿನಿಂದ ಸೀರೆ ತೆಗೆದು ಅಜ್ಜಿಯ ಮಡಿಲಿಗಿಟ್ಟರು. ಗಂಜಿಯ ವಾಸನೆಯ ಹೊಸ ಬಿಳಿ ಸೀರೆ. ಅಜ್ಜಿ ಕೈ ಹಿಂದಕ್ಕೆಳೆದುಕೊಂಡಳು.

"ಬಿಳೀದ್ಯಾಕಪ್ಪ?"

"ಅಲ್ಲಿ ಎಲ್ರೂ ಬಿಳೀದೇ ಉಡೋದು ಕಣತ್ತೆ. ಬಣ್ಣುದ್ದು ಉಟ್ರೆ ಒಳೀಕೆ ಬುಡಲ್ಲ."

ತಾತ ನಕ್ಕ. "ನಾನಿನ್ನೂ ಗಟ್ಟಿಯಾಗಿವ್ನಿ ಕಣೋ ಅಳಿಯ! ಈಗ್ಲೇ ಅವ್ಳಿಗೆ ಬಿಳೀದು ಉಡುಸ್ತೀಯಲ್ಲ!"

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ನಮ್ಮ ಕಡೆ ಗಂಡ ಸತ್ತವಳು ಮಾತ್ರ ಉಡುತ್ತಿದ್ದ ಸೀರೆ ಅದು.

"ಬುದ್ಧಪೂರ್ಣಿಮೆಗೆ ನಾವೂ ಉಡ್ತೀವಲ್ಲ ಅತ್ತೆ" ಅಂದಳು ನನ್ನಮ್ಮ.

"ನೀವು ಓದ್ದೋರು, ನಿಮ್ಗೆ ನಡೀತದೆ. ನಂಗೆ ಮನ್ಸು ಬರಾಕಿಲ್ಲ."

"ಉಟ್ಕೊಂಡೋಗಮ್ಮಿ, ನಾನೇನು ಅದ್ಕೆ ಸತ್ತೋಗಾಕಿಲ್ಲ" ಅಂದ ತಾತ, ಈಗ ನಗದೆ.

"ನೀನ್ ಸುಮ್ಕಿರು." ಅಜ್ಜಿ ಮಾವನ ಕಡೆ ತಿರುಗಿದಳು. "ತೆಳು ಹಳ್ದಿ ಆಗಾಕಿಲ್ವಾ?"

"ಆಗಲ್ಲ ಅತ್ತೆ."

ಅಜ್ಜಿ ಹೋಗಲಿಲ್ಲ. ತಂಡ ಹೊರಟ ದಿನ ಅವಳು ಎಂದಿನಂತೆ ಕೆಂಪಂಚಿನ ಹಸಿರು ಸೀರೆಯಲ್ಲಿ ಕಳೆ ಕೀಳುತ್ತಿದ್ದಳು.

ಇದನ್ನು ಬರೆಯುವಾಗಲೂ ಅನುಮಾನ ಕಾಡುತ್ತದೆ. ಮಾವ "ಬುಡಲ್ಲ" ಅಂದರೋ, "ಬಿಳೀದಾದ್ರೆ ಒಳ್ಳೇದು" ಅಂದರೋ? ಅಮ್ಮ ಎರಡನೆಯದೇ ಅನ್ನುತ್ತಾಳೆ. ನನ್ನ ಕಿವಿಯಲ್ಲಿ ಮೊದಲನೆಯದೇ ಇದೆ. ಎರಡರಲ್ಲಿ ಯಾವುದೇ ಆಗಲಿ, ಹಿಂದೆ ಹೋಗಿಬಂದ ಇನ್ನೊಬ್ಬರನ್ನು ಕೇಳೋಣ ಅಂತ ಯಾರಿಗೂ ಅನ್ನಿಸಲಿಲ್ಲವಲ್ಲ! ದೇವರನ್ನೇ ಪ್ರಶ್ನಿಸಿ ಹೊರಬಂದ ಮನೆ ನಮ್ಮದು. ಒಬ್ಬ ಅಳಿಯನ ಮಾತನ್ನು ಪ್ರಶ್ನಿಸಲಿಲ್ಲ.

ತಾತ ತೀರಿಕೊಂಡ ಮೇಲೆ ಅಜ್ಜಿ ಉಟ್ಟಿದ್ದು ಅದೇ ಸೀರೆ. ಇನ್ನೊಂದು ತಂಡ ಹೊರಟಾಗ ಅಮ್ಮ ಅಂದಳು, "ಈಗ ಹೋಗಿಬನ್ನಿ ಅತ್ತೆ."

"ಓಗಿ ಬಂದು ಯಾರಿಗ್ ಯೋಳ್ಲಿ?" ಅಂದಳು ಅಜ್ಜಿ.

ಹೋದ ವರ್ಷ ನಾನು ಹೋದೆ. ಏನೇನು ಒಯ್ಯಬೇಕೆಂದು ಇಂಟರ್‌ನೆಟ್ಟಿನಲ್ಲಿ ಸಾಕಷ್ಟು ಓದಿದ್ದೆ. ಆದರೂ ಮಾವನ ಮಾತು ಮೈಯಲ್ಲಿ ಎಷ್ಟು ಇಳಿದಿತ್ತೆಂದರೆ ಪೆಟ್ಟಿಗೆಯ ತುಂಬ ಬಿಳಿ ಚೂಡಿದಾರ. ಅಲ್ಲಿ ಬಿಳಿಯುಟ್ಟವರೇ ಹೆಚ್ಚು, ನಿಜ. ಅವರ ನಡುವೆ ನೀಲಿ, ಕಂದು, ಹಳದಿ ಉಟ್ಟವರೂ ಹೂವು ಹಿಡಿದು ಆರಾಮಾಗಿ ಒಳಗೆ ಹೋಗುತ್ತಿದ್ದರು. ಬಾಗಿಲ ಕಾವಲಿನವನನ್ನು ಇಂಗ್ಲಿಷಿನಲ್ಲಿ ಕೇಳಿದೆ, ಬಿಳಿಯೇ ಬೇಕಾ? ಭುಜ, ಮಂಡಿ ಮುಚ್ಚಿದ್ದರೆ ಸಾಕು ಅಂದ. ಎರಡು ಸಲ ಕೇಳಿದೆ. ಎರಡು ಸಲವೂ ಅದನ್ನೇ ಅಂದ.

ಸಿಟ್ಟಿನಲ್ಲಿ ಅಲ್ಲಿಂದಲೇ ಮಾವನಿಗೆ ಫೋನು ಮಾಡಿದೆ. "ಆಗ ಹಂಗಿತ್ತು ಕಣವ್ವ, ಈಗ ರೂಲ್ಸು ಬದಲಾಯಿಸಿರಬೋದು" ಅಂದರು. ಆಮೇಲೆ, "ಕಾಲುಚೀಲ ಹಾಕ್ಕೊಂಡಿದೀಯಾ?" ಅಂತ ಕೇಳಿದರು. ವಯಸ್ಸಾದ ಮನುಷ್ಯ. ಜಗಳವಾಡುವುದಕ್ಕೂ ಆಗಲಿಲ್ಲ.

ಕಲ್ಲು ನಿಜಕ್ಕೂ ಕೆಂಡದಂತಿತ್ತು. ಅದೊಂದನ್ನು ಅವರು ಸರಿಯಾಗಿಯೇ ಹೇಳಿದ್ದರು. ನೆರಳಿನಲ್ಲಿ ಅಜ್ಜಿ ಬಯಸಿದಷ್ಟು ಹೊತ್ತು ಕೂತೆ. ಹಸಿರು ಸೀರೆಗೂ ಬುಡ್ತಾರಂತೆ ಕಣಜ್ಜಿ, ಅಂತ ಊರಿಗೆ ಹೋಗಿ ಜಗುಲಿಯ ಮೇಲೆ ಕೂತು ಒಪ್ಪಿಸಬೇಕು ಅನ್ನಿಸಿತು. ಜಗುಲಿ ಇದೆ. ಕೇಳುವವರು ಇಬ್ಬರೂ ಇಲ್ಲ.